ಎಕ್ಕದ ಹಾಲು ಮತ್ತು ಅದನ್ನು ಗೆದ್ದ ಹುಳು

ಕಾರವಾರ, ಅಂಕೋಲಾ ಕಡೆಯ ಮರಳು ನೆಲದಲ್ಲಿ ಎಕ್ಕದ ಗಿಡ ತಾನಾಗಿ ಬೆಳೆಯುತ್ತದೆ. ದನಕರುಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ರಥಸಪ್ತಮಿಯ ಸ್ನಾನಕ್ಕೆಂದು ಎಲೆ ಕೊಯ್ಯುವಾಗಲೂ ಹಾಲು ಕಣ್ಣಿಗೆ ತಾಗದಿರಲೆಂದು ಹಿರಿಯರು ಎಚ್ಚರಿಸುತ್ತಾರೆ. ಆ ಹಾಲು ಸಣ್ಣ ಹುಳುವಿನ ಬಾಯಿಯನ್ನೇ ಅಂಟಿಸಿಬಿಡಬಲ್ಲದು. ಸಾಲದ್ದಕ್ಕೆ, ಅದರಲ್ಲಿರುವ ಕಾರ್ಡಿನೊಲೈಡ್ ಎಂಬ ವಿಷಗಳು ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಸಾಗಿಸುವ ಪ್ರೋಟೀನನ್ನು ತಡೆದು, ಹೃದಯದ ಬಡಿತವನ್ನು ಏರುಪೇರು ಮಾಡುತ್ತವೆ.

ಪ್ಲೇನ್ ಟೈಗರ್ ಚಿಟ್ಟೆ ಇಂಥ ಗಿಡವನ್ನೇ ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ. ಎಲೆಯನ್ನು ಮಗುಚಿ ನೋಡಿದರೆ ಅದರ ಎಳೆಯ ಹುಳುವಿನ ಕೈಚಳಕ ಕಾಣಸಿಗುತ್ತದೆ: ತಿನ್ನಲು ತೊಡಗುವ ಮೊದಲು ಅದು ಎಲೆಯ ಮೇಲೆ ದುಂಡನೆಯ ಗೀರೊಂದನ್ನು ಕೊರೆದು, ಹಾಲು ಹರಿಯುವ ನಾಳಗಳನ್ನು ಕತ್ತರಿಸಿ, ಆಮೇಲೆ ಆ ಗೀರಿನ ಒಳಗಿನ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಈ ಹುಳು ಅಡಗಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ನೂರು ಕೀಟಗಳನ್ನು ದೂರವಿಟ್ಟ ವಿಷವೇ ಇದಕ್ಕೆ ಪೈಪೋಟಿ ಕಡಿಮೆಯಿರುವ ಊಟವನ್ನು ಒದಗಿಸಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಗಿಡ ಹೊಸ ವಿಷವನ್ನು ಕಂಡುಕೊಂಡು ಕೀಟಗಳಿಂದ ಬಿಡುಗಡೆ ಪಡೆಯುತ್ತದೆ, ಕೀಟದ ಒಂದು ವಂಶ ಆ ವಿಷವನ್ನು ಮೀರುತ್ತದೆ, ಹೀಗೆ ಎರಡೂ ಕಡೆ ಹೊಸ ಪ್ರಭೇದಗಳು ಕವಲೊಡೆಯುತ್ತವೆ ಎಂಬ ವಾದವನ್ನು ಅಮೆರಿಕದ ಜೀವವಿಜ್ಞಾನಿಗಳಾದ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ 1964ರಲ್ಲಿ ಮುಂದಿಟ್ಟರು. ಕೀಟದ ಪಾಲಿನ ಪುರಾವೆ ಈಗ ಗಟ್ಟಿಯಾಗಿದೆ. ಪ್ಲೇನ್ ಟೈಗರಿನ ಹತ್ತಿರದ ಬಂಧುವಾದ ಮೊನಾರ್ಕ್ ಚಿಟ್ಟೆಯಲ್ಲಿ, ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಅದೇ ಪ್ರೋಟೀನಿನಲ್ಲಿ ಮೂರು ಕಡೆ ಆಗಿರುವ ಬದಲಾವಣೆಗಳನ್ನು 2019ರಲ್ಲಿ ಹಣ್ಣುನೊಣಕ್ಕೆ ಅಳವಡಿಸಿದಾಗ, ಆ ನೊಣವೂ ಕಾರ್ಡಿನೊಲೈಡನ್ನು ತಾಳಿಕೊಂಡಿತು. ಗಿಡದ ಪಾಲಿನ ಪುರಾವೆಗೆ 2012ರ ಒಂದು ಪ್ರಯೋಗವನ್ನು ನೋಡಬೇಕು. ಅಮೆರಿಕದಲ್ಲಿ ಈವನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡ ಬೆಳೆದ ಕೆಲವು ತಾಕುಗಳಲ್ಲಿ ಕೀಟಗಳನ್ನು ಔಷಧ ಹೊಡೆದು ತಗ್ಗಿಸಿದಾಗ, ಕೆಲವೇ ತಲೆಮಾರುಗಳಲ್ಲಿ ಕಾಯಿಯ ರಕ್ಷಣೆಯ ರಾಸಾಯನಿಕಗಳು ಕಡಿಮೆಯಿರುವ ಗಿಡಗಳೇ ಅಲ್ಲಿ ಹೆಚ್ಚಾದವು.

ಎರಡೂ ಕಡೆಯ ಪುರಾವೆಯಿಲ್ಲದೆ, ಕೀಟ ಗಿಡಕ್ಕೆ ಹೊಂದಿಕೊಂಡಿದೆ ಎಂದ ಮಾತ್ರಕ್ಕೆ ಅವು ಜೊತೆಯಾಗಿ ವಿಕಾಸವಾದವು ಎನ್ನುವುದು ಅವಸರದ ಮಾತು. ನಮ್ಮ ಕರಾವಳಿಯ ಗೇರನ್ನೇ ನೋಡಿ. ಅದರ ಚಿಗುರನ್ನೂ ಹೂಗೊಂಚಲನ್ನೂ ಒಣಗಿಸುವ ಟೀ ಸೊಳ್ಳೆ ಎಂಬ ತಿಗಣೆ ಈ ನಾಡಿನದೇ ಕೀಟ. ಗೇರು ಮಾತ್ರ 16ನೇ ಶತಮಾನದಲ್ಲಿ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದ ಮರ. ಬೇವು, ಪೇರಳೆ ಮುಂತಾದ ಹಲವು ಮರಗಳ ಎಳೆ ಕುಡಿಗಳಿಂದ ರಸ ಹೀರಬಲ್ಲ ಕೀಟಕ್ಕೆ ಇನ್ನೊಂದು ಮರ ಸಿಕ್ಕಿತು, ಅಷ್ಟೇ.

ಕಾಳುಮೆಣಸಿನದು ಬೇರೆಯದೇ ಕಥೆ. ಅದು ಈ ಘಟ್ಟದಲ್ಲಿಯೇ ಹುಟ್ಟಿದ ಬಳ್ಳಿ, ಶಿರಸಿಯ ಕಾನುಗಳಲ್ಲಿ ಅದರ ಕಾಡುತಳಿಗಳು ಇನ್ನೂ ಇವೆ. ಆದರೆ ತೋಟದಲ್ಲಿ ನಾವು ಬಳ್ಳಿಯ ತುಂಡುಗಳನ್ನೇ ನೆಡುತ್ತೇವೆ, ಆದ್ದರಿಂದ ತಾಯಿಬಳ್ಳಿಯ ಗುಣವೇ ಪ್ರತಿ ಬಾರಿಯೂ ಮರುಕಳಿಸುತ್ತದೆ. ಕಾಳಿನೊಳಗೆ ಹೊಕ್ಕು ತಿರುಳನ್ನು ತಿಂದು ಪೊಳ್ಳು ಮಾಡುವ ಸಣ್ಣ ಜೀರುಂಡೆಯಾದರೋ ಕೂಡಿ, ಮೊಟ್ಟೆಯಿಟ್ಟು, ಪ್ರತಿ ತಲೆಮಾರಿನಲ್ಲಿಯೂ ಬದಲಾಗುವ ಅವಕಾಶವನ್ನು ಉಳಿಸಿಕೊಂಡಿದೆ. ಬೀಜದಿಂದ ಮೊಳೆತು, ಒಂದು ಇನ್ನೊಂದರಂತಿರದ ಬಳ್ಳಿಗಳು ಬೆಳೆಯುವುದು ಕಾನಿನಲ್ಲಿ ಮಾತ್ರ. ಕೀಟಕ್ಕೆ ಬಗ್ಗದ ತಳಿಯನ್ನು ಹುಡುಕುವವರು ಮೊದಲು ಹೋಗಬೇಕಾದದ್ದೂ ಅಲ್ಲಿಗೇ.