ಭಾನುವಾರದ ಶಾಲೆಯ ಟೀಚರ್

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದವರು ಹರ್ಮಿಟೇಜ್ ಮ್ಯೂಸಿಯಂ ನೋಡುತ್ತಾರೆ, ನೇವಾ ನದಿಯಲ್ಲಿ ದೋಣಿ ಹತ್ತುತ್ತಾರೆ. 2019ರ ಜೂನ್‌ನಲ್ಲಿ ನಾವೂ ಅದೆಲ್ಲ ಮಾಡಿದೆವು. ಆದರೆ ಅಕ್ಕ ನನ್ನನ್ನು ಅಷ್ಟು ದೂರ ಎಳೆದುಕೊಂಡು ಹೋದದ್ದು ನದೇಝ್ದಾ ಕ್ರುಪ್ಸ್ಕಾಯಾ ಪಾಠ ಹೇಳಿದ ಊರು ನೋಡೋಕೆ. ಅಕ್ಕ ಹೈಸ್ಕೂಲ್ ಟೀಚರ್. "ಎಲ್ಲರೂ ಲೆನಿನ್ ಹೆಂಡತಿ ಅಂತಾರೆ ಕಣೋ, ಅದಕ್ಕೂ ಮೊದಲೇ ಅವಳು ಟೀಚರ್ ಆಗಿದ್ದಳು" ಅಂತ ವಿಮಾನದಲ್ಲೇ ಶುರು ಮಾಡಿದ್ದಳು.

ಎಲಿಜಾರೋವ್ಸ್ಕಯಾ ಸ್ಟೇಷನ್‌ನಲ್ಲಿ ಮೆಟ್ರೋ ಇಳಿದೆವು. ಪ್ರವಾಸಿಗರು ಯಾರೂ ಬರದ, ಹಳೆಯ ಕಾರ್ಖಾನೆಗಳ ಕಡೆ. ಇಲ್ಲೇ 1891ರಿಂದ 1896ರವರೆಗೆ ಕಾರ್ಮಿಕರ ಭಾನುವಾರದ ಶಾಲೆಯಲ್ಲಿ ಆಕೆ ಸಂಬಳವಿಲ್ಲದೆ ಪಾಠ ಮಾಡಿದರು. ಓದು, ಬರಹ, ಲೆಕ್ಕ. ವಾರವೆಲ್ಲ ಕಬ್ಬಿಣ ಬಡಿದು ಬಂದ ದೊಡ್ಡ ಗಂಡಸರು ಬೆಂಚಿನಲ್ಲಿ ಕೂತು ಅಕ್ಷರ ತಿದ್ದುತ್ತಿದ್ದರು ಅನ್ನೋದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರಲ್ಲಿ ಒಬ್ಬ ಇವಾನ್ ಬಾಬುಶ್ಕಿನ್. ಮುಂದೆ ಕ್ರಾಂತಿಕಾರಿಯಾಗಿ 1906ರಲ್ಲಿ ಸೈಬೀರಿಯಾದಲ್ಲಿ ಗುಂಡಿಗೆ ಬಲಿಯಾದವನು. ಆ ಬಡಾವಣೆಯಲ್ಲಿ ಅವನ ಹೆಸರಿನದೊಂದು ಬೀದಿ, ಅವನ ಟೀಚರ್ ಹೆಸರಿನದೊಂದು ಬೀದಿ. ಅಕ್ಕ ಎರಡರಲ್ಲೂ ನಡೆದಳು.

ಕ್ರುಪ್ಸ್ಕಾಯಾ ಹೆಸರಿನ ಸಂಸ್ಕೃತಿ ಭವನವೂ ಅಲ್ಲೇ ಇದೆ. ಒಳಗೆ ಪುಸ್ತಕದ ಸಂತೆ! ಅಂಗಡಿ ಪಕ್ಕ ಅಂಗಡಿ, ಶಾಲೆ ಪುಸ್ತಕದಿಂದ ಕಾದಂಬರಿವರೆಗೆ. ಅಕ್ಕ ಮಕ್ಕಳ ಅಕ್ಷರಮಾಲೆಯೊಂದನ್ನು ಕೊಂಡಳು. ಮೂಲೆಗಳು ಸವೆದಿದ್ದವು, ಮೊದಲ ಪುಟದಲ್ಲಿ ಯಾವುದೋ ಮಗು ಪೆನ್ಸಿಲ್‌ನಲ್ಲಿ ಗೀಚಿತ್ತು. ಮಾಸ್ಕೋಗೆ ಹೋಗುವ ನಾಲ್ಕು ಗಂಟೆ ರೈಲಿನಲ್ಲಿ ಕಿಟಕಿ ಕಡೆ ನೋಡದೆ ಅದನ್ನೇ ಓದಿದಳು.

ನಡುನಡುವೆ ನನಗೂ ಪಾಠ. 1896ರಲ್ಲಿ ಬಂಧನ, ಆಮೇಲೆ ಸೈಬೀರಿಯಾ, ಅಲ್ಲೇ ಲೆನಿನ್ ಜೊತೆ ಮದುವೆ, ನಂತರ ಹೊರದೇಶದಲ್ಲಿ ವರ್ಷಗಟ್ಟಲೆ. 1917ರ ಕ್ರಾಂತಿಯಾದ ಮೇಲೆ ಟೀಚರ್ ಸರ್ಕಾರದೊಳಗೆ ಬಂದರು. 1919ರ ಡಿಸೆಂಬರ್‌ನಲ್ಲಿ ಹೊಸ ಆಜ್ಞೆ ಬಂತು: 8ರಿಂದ 50 ವರ್ಷದವರೆಗಿನ ಓದು ಬಾರದವರೆಲ್ಲ ಕಲಿಯಲೇಬೇಕು. ಅದೇ ವರ್ಷ 'ಕೆಂಪು ನಕ್ಷತ್ರ' ಅನ್ನೋ ಹಡಗಿನಲ್ಲಿ ಆಕೆ ವೋಲ್ಗಾ ದಡದ ಊರುಗಳನ್ನು ಸುತ್ತಿದ್ದರು. 1897ರ ಜನಗಣತಿಯಲ್ಲಿ ಓದು ಬಲ್ಲವರು ನೂರಕ್ಕೆ ಮೂವತ್ತೂ ಇರಲಿಲ್ಲ, 1939ಕ್ಕೆ ಎಂಬತ್ತು ದಾಟಿತ್ತು. ಇದು ಸಣ್ಣ ಕೆಲಸ ಅಲ್ಲ. 1929ರಲ್ಲಿ ಆಕೆ ಶಿಕ್ಷಣ ಇಲಾಖೆಯ ಉಪಮಂತ್ರಿಯೂ ಆದರು.

"ಆದರೆ ಪುಸ್ತಕ ತೆಗೆಸಿದ್ದೂ ಅವರೇ ಅಲ್ವಾ?" ಅಂತ ಕೇಳಿದೆ. ಅಕ್ಕ ಅಕ್ಷರಮಾಲೆ ಮುಚ್ಚಿದಳು. 1920ರ ದಶಕದಲ್ಲಿ ಗ್ರಂಥಾಲಯಗಳಿಂದ ಪ್ಲೇಟೋ, ಕಾಂಟ್‌ರಂಥ ತತ್ವಜ್ಞಾನಿಗಳ ಪುಸ್ತಕಗಳನ್ನೂ ಹೊರಹಾಕುವ ಸುತ್ತೋಲೆಗೆ ಆಕೆಯ ಸಹಿ ಇತ್ತು. ಸಾಹಿತಿ ಗಾರ್ಕಿಗೆ ತುಂಬಾ ಸಿಟ್ಟು ಬಂದಿತ್ತು. 1925ರ ಕಮ್ಯುನಿಸ್ಟ್ ಪಕ್ಷದ ಅಧಿವೇಶನದಲ್ಲಿ ಸ್ಟಾಲಿನ್ ವಿರೋಧಿಗಳ ಪರ ನಿಂತವರು, ಮುಂದೆ ಸ್ಟಾಲಿನ್ ಆ ಜೊತೆಗಾರರನ್ನು ಒಬ್ಬೊಬ್ಬರಾಗಿ ಕೊಲ್ಲಿಸುವಾಗ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ನನಗೆ ಆ ಮೌನ ಇಂದಿಗೂ ಒಪ್ಪಿಗೆಯಿಲ್ಲ. ಅಕ್ಕ ಬಹಳ ಹೊತ್ತು ಸುಮ್ನಿದ್ದು, "ಅಕ್ಷರ ಕಲಿಸಿದವಳು ಹಾಗೆ ಮಾಡಬಾರದಿತ್ತು" ಅಂದಳು.

ಮಾಸ್ಕೋದಲ್ಲಿ ಬೆಳಿಗ್ಗೆಯೇ ಕೆಂಪು ಚೌಕದ ಸಾಲಿನಲ್ಲಿ ನಿಂತೆವು. ಲೆನಿನ್ ಸಮಾಧಿಯ ಕತ್ತಲೆಯಿಂದ ಹೊರಬಂದರೆ ದಾರಿ ಕ್ರೆಮ್ಲಿನ್ ಗೋಡೆ ಪಕ್ಕ ಸಾಗುತ್ತದೆ. ಗೋಡೆಯೊಳಗೆ ಚಿತಾಭಸ್ಮ, ಮೇಲೆ ಕಪ್ಪು ಫಲಕಗಳು, ಎಲ್ಲ ಒಂದೇ ಅಳತೆ. ಗಗನಯಾತ್ರಿ ಗಗಾರಿನ್ ಕೂಡ ಅಲ್ಲೇ. ಜನ ಬೇಗ ಬೇಗ ಮುಂದೆ ಹೋಗುತ್ತಿದ್ದರು.

ಅಕ್ಕ ಒಂದು ಫಲಕದ ಮುಂದೆ ನಿಂತುಬಿಟ್ಟಳು. ತುಟಿ ಅಲ್ಲಾಡಿಸುತ್ತಾ, ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿದಳು. ನ... ದೇ... ಝ್ದಾ. ಆ ಹೆಸರಿನ ಅರ್ಥ ಭರವಸೆ. ಕೆಳಗೆ ಎರಡು ತಾರೀಖು: 26 ಫೆಬ್ರವರಿ 1869, 27 ಫೆಬ್ರವರಿ 1939. ಎಪ್ಪತ್ತು ತುಂಬಿದ ಮಾರನೇ ದಿನ.

"ಓದಿದೆ ನೋಡು" ಅಂದಳು ಅಕ್ಕ. ಹಿಂದಿನವರಿಗೆ ದಾರಿ ಬಿಟ್ಟು ನಡೆದೆವು.