ಫ್ಲಾಷರ್ ಹೋಗಿರಬೇಕು, ಅಲ್ವಾ?

ಅಲ್ಲ.

ಹಳೇ ಪದ್ಮಿನಿ, ಅಂಬಾಸಿಡರ್ ಕಾರು ಇಟ್ಟುಕೊಂಡವರು ವಾರಕ್ಕೊಬ್ಬರಾದರೂ ನನಗೆ ಫೋನ್ ಮಾಡ್ತಾರೆ. ಮೊದಲ ಮಾತು, "ಸರ್ ಇದ್ದಾರಾ?" ಕಾರಿನ ವೈರಿಂಗ್ ನೋಡೋದು ನಾನು, ಸರ್‌ಗೆ ಬಾನೆಟ್ ತೆಗೆಯೋಕೂ ಬರಲ್ಲ ಅಂತೀನಿ. ಒಂದು ಗಳಿಗೆ ಮೌನ. ಆಮೇಲೆ, "ಇಂಡಿಕೇಟರ್ ಮಿಣುಕ್ತಾ ಇಲ್ಲ ಮೇಡಂ. ಫ್ಲಾಷರ್ ಹೋಗಿರಬೇಕು, ಅಲ್ವಾ?" ಅಂದರೆ, ಇಂಡಿಕೇಟರ್ ದೀಪವನ್ನ ಮಿಣುಕಿಸೋ ಪುಟ್ಟ ಡಬ್ಬಿ ಕೆಟ್ಟಿದೆ ಅಂತ.

ಇದು ಪ್ರಶ್ನೆಯಾ? ತೀರ್ಪು ಆಗಲೇ ಬರೆದಾಗಿದೆ, ನಾನು ರುಜು ಹಾಕಬೇಕು ಅಷ್ಟೇ. ಎಡಗಡೆಯೋ ಬಲಗಡೆಯೋ, ದೀಪ ಹತ್ತೋದೇ ಇಲ್ಲವೋ ಅಥವಾ ಹತ್ತಿ ಹಾಗೇ ಉರೀತಾ ಇರುತ್ತೋ, ಒಂದನ್ನೂ ಹೇಳಲ್ಲ. ಒಂದು ಕಡೆ ಚೆನ್ನಾಗಿ ಮಿಣುಕಿ ಇನ್ನೊಂದು ಕಡೆ ಮಾತ್ರ ಕೈಕೊಟ್ಟರೆ ಫ್ಲಾಷರ್ ಹೇಗೆ ಹೋಗಿರುತ್ತೆ ಸ್ವಾಮಿ? ಎರಡು ಕಡೆಗೂ ಇರೋದು ಅದೊಂದೇ.

ಆ ಪುಟ್ಟ ಡಬ್ಬಿಯೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತೆ. ಬಲ್ಬಿಗೆ ಹೋಗುವ ಕರೆಂಟಿನಿಂದಲೇ ಕಾದು ಬಾಗಿ ಸಂಪರ್ಕ ಬಿಡುತ್ತೆ, ಆರಿದ ಮೇಲೆ ಮತ್ತೆ ಕೂಡುತ್ತೆ. ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು ಅನ್ನೋದು ನಿಯಮ. ಮುಂದೊಂದು ಹಿಂದೊಂದು 21 ವ್ಯಾಟಿನ ಬಲ್ಬು ಅಂದರೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. ಪಟ್ಟಿ ಹದವಾಗಿ ಕಾಯೋಕೆ ಅಷ್ಟು ಹರಿಯಬೇಕು. ಒಂದು ಬಲ್ಬು ಸತ್ತರೆ ಅರ್ಧವೇ ಹರಿಯೋದು. ಆಗ ಕೆಲವು ಫ್ಲಾಷರ್ ಗಾಬರಿಬಿದ್ದು ಬೇಗಬೇಗ ಮಿಣುಕುತ್ತವೆ, ಕೆಲವು ಮಿಣುಕದೆ ಕೂತುಬಿಡುತ್ತವೆ. ನನ್ನದು ಕೂತುಬಿಡುವ ಜಾತಿ. ಎಲ್‌ಇಡಿ ಬಲ್ಬು ಹಾಕಿದಿರೋ, ಅದು ಕುಡಿಯೋ ಕರೆಂಟಿಗೆ ಪಟ್ಟಿ ಬೆಚ್ಚಗೂ ಆಗಲ್ಲ. ಅದಕ್ಕೆ ಎಲೆಕ್ಟ್ರಾನಿಕ್ ಫ್ಲಾಷರೇ ಬೇಕು. ಸರಿ, ಈ ಸಂದರ್ಭದಲ್ಲಿ ಫ್ಲಾಷರ್ ಬದಲಾಯಿಸಿ.

ನನಗೂ ಇದೆಲ್ಲ ಹುಟ್ಟುತ್ತಲೇ ಗೊತ್ತಿರಲಿಲ್ಲ. ತಂಗಿ ಮದುವೆಗೆ ಅಂತ ಅಪ್ಪನ ಪದ್ಮಿನಿಗೆ ಹೊಸ ಪೇಂಟ್ ಹೊಡೆಸಿದೆವು. ಗಾಡಿ ಮದುಮಗಳಂತೆ ಹೊಳೀತಾ ಮನೆಗೆ ಬಂತು. ಮಾರನೇ ದಿನದಿಂದ ಬಲಗಡೆ ಇಂಡಿಕೇಟರ್ ಹಾಕಿದರೆ ಮುಂದಿನ ದೀಪ ಸುಮ್ಮನೆ ಉರಿಯೋದು, ಹಿಂದಿನದು ಮಂಕಾಗಿ, ಅದರ ಜೊತೆ ಪಾರ್ಕಿಂಗ್ ದೀಪವೂ ಕೆಂಪಗೆ ಒಂದಿಷ್ಟು. ಛತ್ರದ ಮುಂದೆ ಭಾವಂದಿರೆಲ್ಲ ಸುತ್ತ ನಿಂತರು. ಒಬ್ಬೊಬ್ಬರೂ "ಫ್ಲಾಷರ್" ಅಂದರು. ಹಿರೀ ಭಾವ ಅಂತೂ ಧಾರೆ ಮುಗಿಯೋದರೊಳಗೆ ಹೊಸದೊಂದು ತಂದೇ ಬಿಟ್ಟರು. ಹಾಕಿದೆ. ಏನೂ ಆಗಲಿಲ್ಲ. ಮುಂದಿನ ವಾರ ಇನ್ನೊಂದು ಬ್ರ್ಯಾಂಡಿನದು ತಂದರು.

ಕೊನೆಗೆ ನಮ್ಮ ಬೀದಿಯ ಬ್ಯಾಟರಿ ಅಂಗಡಿ ತಾತ ಬಂದರು. ಕೈಯಲ್ಲಿ ಬರೀ ಒಂದು ಮಾರುದ್ದದ ವೈರು. ಒಂದು ತುದಿ ಬಂಪರಿನ ಹಿಂದೆ ಪೇಂಟ್ ಇಲ್ಲದ ಒಂದು ಬೋಲ್ಟಿಗೆ, ಇನ್ನೊಂದು ತುದಿ ಹಿಂದಿನ ದೀಪದ ಲೋಹದ ಮೈಗೆ ಮುಟ್ಟಿಸಿದರು. ಟಿಕ್, ಟಿಕ್, ಟಿಕ್. ತೆಗೆದರು, ನಿಂತಿತು. ಮುಟ್ಟಿಸಿದರು, ಟಿಕ್ ಟಿಕ್. "ಅರ್ತ್ ಇಲ್ಲ ಕಣಮ್ಮಾ" ಅಂದು ಬೀಡಿ ಹಚ್ಚಿದರು.

ದೀಪ ಕೂರುವ ಜಾಗಕ್ಕೂ ಪೇಂಟರ್ ಅಂದವಾಗಿ ಬಣ್ಣ ಬಳಿದಿದ್ದ. ಕರೆಂಟು ಬಲ್ಬಿನವರೆಗೆ ಬರ್ತಾ ಇತ್ತು, ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಅದೇ ಅರ್ತ್, ಮುಚ್ಚಿತ್ತು. ದಾರಿ ಕಾಣದೆ ಪಕ್ಕದ ಫಿಲಮೆಂಟಿನಲ್ಲಿ ನುಗ್ಗಿ ಪಾರ್ಕಿಂಗ್ ದೀಪ ಹೊತ್ತಿಸ್ತಾ ಇತ್ತು. ಪಟ್ಟಿ ಕಾಯುವಷ್ಟು ಕರೆಂಟು ಹರಿಯದೆ ಫ್ಲಾಷರ್ ಕೂತಿತ್ತು. ಸ್ಕ್ರೂ ಬಿಚ್ಚಿ, ಅದರ ತೂತಿನ ಸುತ್ತ ನಾಲ್ಕಾಣೆ ಅಗಲದಷ್ಟು ಬಣ್ಣವನ್ನ ಉಪ್ಪು ಕಾಗದದಲ್ಲಿ ತಿಕ್ಕಿದೆ. ಬಿಳೀ ತಗಡು ಕಂಡಿತು, ಮೇಲೆ ಚೂರು ವ್ಯಾಸಲೀನ್ ಸವರಿ ಬಿಗಿದೆ. ಖರ್ಚು ಸೊನ್ನೆ. ಪೇಂಟ್ ಹೊಡೆಸದೇ ಇದ್ದರೂ ಅಲ್ಲಿ ತುಕ್ಕು ಇದ್ದೇ ಇರುತ್ತೆ, ಫಲ ಒಂದೇ.

ಇಷ್ಟೆಲ್ಲ ಕೇಳೋರು, ಅಷ್ಟು ದಿನ ಇಂಡಿಕೇಟರ್ ಇಲ್ಲದೆ ಹೇಗೆ ಓಡಿಸಿದೆ ಅಂತ ಯಾಕೆ ಕೇಳಲ್ಲ? ನನಗೆ ಹೇಳೋಕೆ ಆಸೆ ಇರೋದು ಅದು. ಕೈ ಹೊರಗೆ ಹಾಕಿ ಓಡಿಸಿದೆ. ಬಲಕ್ಕೆ ಕೈ ನೇರ ಚಾಚೋದು, ಎಡಕ್ಕೆ ಚಾಚಿದ ಕೈಯನ್ನ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸೋದು. ಅಪ್ಪ ಹಾಗೆ ಕೈ ಚಾಚಿದರೆ ಹಿಂದಿನ ಲಾರಿ ನಿಧಾನ ಆಗ್ತಿತ್ತು. ನಾನು ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಚಾಚಿದರೆ ಒಬ್ಬ ಹುಡುಗ ಸ್ಕೂಟರನ್ನ ನನ್ನ ಕಿಟಕಿಗೇ ತಂದು ನಿಲ್ಲಿಸಿ, "ಹೇಳಿ ಆಂಟಿ, ಯಾವ ಅಡ್ರೆಸ್ ಬೇಕು?" ಅಂದ. ಎಡಕ್ಕೆ ಅಂತ ಕೈ ತಿರುಗಿಸಿದ ದಿನ ಎದುರಿನ ಆಟೋದವನು ನನಗೆ ಬೈಗುಳದ ಅರ್ಥ ಬರೋ ಹಾಗೆ ತಾನೂ ಕೈ ತಿರುಗಿಸಿದ. ಲೈಸೆನ್ಸಿಗೆ ಓದೋ ಪುಸ್ತಕದಲ್ಲಿ ಚಿತ್ರ ಸಮೇತ ಇರೋ ಭಾಷೆ ಇದು, ರಸ್ತೆ ಮೇಲೆ ಮಾತ್ರ ನಾನೊಬ್ಬಳೇ ಆಡ್ತಾ ಇದ್ದೆ.

ಅಂದ ಹಾಗೆ, ಗಾಡಿಯ ಗೂಡಿನಲ್ಲಿ ಈಗ ಮೂರು ಫ್ಲಾಷರ್ ಇವೆ. ಕಳೆದ ದೀಪಾವಳಿಗೆ ಹಿರೀ ಭಾವ ಮತ್ತೊಂದು ತಂದುಕೊಟ್ಟರು, ಇರಲಿ ಅಂತ. ಮೂರೂ ಚೆನ್ನಾಗಿವೆ, ಬೇಕಾದವರು ಬಂದು ಒಯ್ಯಿರಿ. ಬರೋ ಮುಂಚೆ ಒಂದು ಮಾರು ವೈರು ಮುಟ್ಟಿಸಿ ನೋಡಿ. ಫೋನ್ ಮಾಡಿದರೆ ಸರ್‌ನ ಕೇಳಬೇಡಿ.