ಬಾವಿ ನೀರಿಗೂ ಬಾಂಡಿಗೂ ಎಂತ ಸಂಬಂಧ ಮಾರಾಯ್ರೆ

2024ರ ನವೆಂಬರಲ್ಲಿ ಅಮೆರಿಕದ ಎಲೆಕ್ಷನ್ ಅಂತ ಇಲ್ಲಿ ಎಲ್ಲರೂ ಟ್ರಂಪ್ ಬಗ್ಗೆ ಮಾತಾಡ್ತಿದ್ದಾಗ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಭಾವ ಫೋನಲ್ಲಿ ಬೇರೆಯೇ ವಿಷಯ ಹೇಳಿದ್ರು. ಅಲ್ಲಿ ಅದೇ ಬ್ಯಾಲೆಟ್ ಪೇಪರಲ್ಲಿ ಪ್ರಾಪೊಸಿಷನ್ 4 ಅಂತ ಒಂದು ಪ್ರಶ್ನೆ ಇತ್ತು, ರಾಜ್ಯ ಸರ್ಕಾರ 1000 ಕೋಟಿ ಡಾಲರಿನ ಬಾಂಡ್ ಮಾಡಿ, ಅಂದ್ರೆ ಬಡ್ಡಿ ಸೇರಿಸಿ ವಾಪಸ್ ಕೊಡ್ತೇವೆ ಅಂತ ಪತ್ರ ಮಾರಿ, ಸಾಲ ತೆಗೀಬಹುದಾ ಬೇಡ್ವಾ ಅಂತ, ಅದರಲ್ಲಿ ಸುಮಾರು 380 ಕೋಟಿ ಕುಡಿಯುವ ನೀರು, ಬರ, ನೆರೆ ಇಂಥದ್ದಕ್ಕೆ. ಜನ ಆಗಬಹುದು ಅಂದ್ರು, ಪಾಸ್ ಆಯ್ತು. ನನಗೆ ಖುಷಿ ಆದದ್ದು ದುಡ್ಡಿನ ಲೆಕ್ಕ ಕೇಳಿ ಅಲ್ಲ, ವೋಟರುಗಳಿಗೆ ಕೊಟ್ಟ ಪುಸ್ತಕದಲ್ಲೇ ಇದನ್ನು ತೀರಿಸ್ಲಿಕ್ಕೆ ವರ್ಷಕ್ಕೆ ಸುಮಾರು 40 ಕೋಟಿ ಡಾಲರಿನ ಹಾಗೆ 40 ವರ್ಷ ಕಟ್ಟಬೇಕಾಗ್ತದೆ ಅಂತ ಮೊದಲೇ ಪ್ರಿಂಟ್ ಮಾಡಿದ್ರು. ಅಂದ್ರೆ 1000 ತೆಗೆದು 1600 ಕೊಡುವುದು. ಬಾಂಡ್ ಅಂದ್ರೆ ದಾನ ಅಲ್ಲ, ಸಾಲ, ಅದು ಗೊತ್ತಿದ್ದೇ ಜನ ವೋಟು ಹಾಕಿದ್ದು.

ನಮ್ಮಲ್ಲಿ? 1999ರಲ್ಲಿ ಎಡಿಬಿ, ಅಂದ್ರೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ಕರಾವಳಿಯ ಊರುಗಳಿಗೆ ಅಂತ 17.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು, ಕುಡಿಯುವ ನೀರು, ಒಳಚರಂಡಿ, ಕಸ ಎಲ್ಲ ಸೇರಿಸಿ. ಆಮೇಲೆ ಜಲಸಿರಿ ಅಂತ ಇನ್ನೊಂದು, 24 ಗಂಟೆ ನೀರು ಅಂತ, ಅದಕ್ಕೂ ಎಡಿಬಿಯೇ. ರಸ್ತೆ ಅಗೆದದ್ದು ಎಲ್ಲರಿಗೂ ನೆನಪುಂಟು, ಸಾಲ ಎಷ್ಟು, ಬಡ್ಡಿ ಎಷ್ಟು, ಯಾವ ಏರಿಯಾಕ್ಕೆ ಎಂತ ಆಯ್ತು ಅಂತ ಕೇಳಿ ನೋಡಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರ್ಲಿಕ್ಕೆ ನಮ್ಮನ್ನು ಕೇಳಿದ್ದು ಯಾರು.

ಈಗ ಚಿಕ್ಕಮ್ಮನ ಬಾವಿ. ಉಡುಪಿಯಲ್ಲಿ ಇಂದ್ರಾಣಿ ಅಂತ ಒಂದು ತೋಡು, ಚಿಕ್ಕ ಹೊಳೆ, ಅದರ ಬದಿಯಲ್ಲೇ ಅವರ ಮನೆ, ಬಾವಿಗೂ ತೋಡಿಗೂ ನಡುವೆ ನಾಲ್ಕು ತೆಂಗಿನ ಮರ ಅಷ್ಟೆ. ಮಾರ್ಚ್ ಕಳೆದ ಮೇಲೆ ಹಗ್ಗ ಎಳೆಯುವಾಗಲೇ ವಾಸನೆ ಬರ್ತದೆ, ಕೊಡಪಾನದಲ್ಲಿ ಸ್ವಲ್ಪ ಹೊತ್ತು ಇಟ್ರೆ ಮೇಲೆ ಎಣ್ಣೆ ಹಾಗೆ ತೆಳು ಪದರ ಕಟ್ತದೆ, ಬಟ್ಟೆ ಒಗೆದ್ರೆ ಬಿಳಿ ಪಂಚೆ ಹಳದಿ. ಅನ್ನಕ್ಕೆ ನಳ್ಳಿ ನೀರು, ಕುಡೀಲಿಕ್ಕೆ ಕ್ಯಾನ್, ಬಾವಿ ಗಿಡಗಳಿಗೆ ಮಾತ್ರ. ಎಂಥ ಸಿಹಿನೀರಿನ ಬಾವಿ ಅದು! ಬ್ಲೀಚಿಂಗ್ ಪೌಡರ್ ಹಾಕಿ ಅಂತ ಹೇಳಿ ಹೋಗ್ತಾರೆ ಬಂದವರು. ನಮ್ಮ ಮಣ್ಣು ಮುರಕಲ್ಲು, ತೂತೇ ತೂತು, ಮಳೆ ನೀರು ಇಳಿಯುವಷ್ಟೇ ಸಲೀಸಾಗಿ ಗಲೀಜೂ ಇಳೀತದೆ, ಪಕ್ಕದಲ್ಲಿ ತೋಡೇ ಚರಂಡಿ ಆದ ಮೇಲೆ ಒಂದು ಡಬ್ಬಿ ಪೌಡರ್ ಎಂತ ಮಾಡ್ತದೆ. ಕುಡಿಯುವ ನೀರಿನ ಸ್ಟ್ಯಾಂಡರ್ಡ್ ಹೇಳೋದು 100 ಮಿಲಿಯಲ್ಲಿ ಇ-ಕೋಲಿ, ಅಂದ್ರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು ಅಂತ.

ಅದಕ್ಕೇ ನಾನು ಹೇಳುವುದು, ನಮಗೆ ಬೇಕಾದ್ದು ಇನ್ನೊಂದು ಪೈಪ್ ಅಲ್ಲ, ತೋಡಿಗೆ ಬೀಳುವುದನ್ನು ನಿಲ್ಲಿಸುವ ಕೆಲಸ. ಇಂಥ ಊರಿನ ಕೆಲಸಕ್ಕೆ ಬಾಂಡ್ ಮಾಡ್ಬಹುದಾ ಅಂದ್ರೆ, ಮಾಡಿದವರಿದ್ದಾರೆ ನಮ್ಮ ದೇಶದಲ್ಲೇ. ಬೆಂಗಳೂರು ಪಾಲಿಕೆ 1997ರಲ್ಲೇ 125 ಕೋಟಿ ರೂಪಾಯಿಯ ಬಾಂಡ್ ಮಾಡಿದ್ದು, ಸರ್ಕಾರದ ಗ್ಯಾರಂಟಿ ಇಟ್ಟು. ಮರುವರ್ಷ ಅಹಮದಾಬಾದ್ 100 ಕೋಟಿ, ಗ್ಯಾರಂಟಿ ಇಲ್ಲದೆ, ನೀರು ಮತ್ತು ಒಳಚರಂಡಿಗೆ. 2023ರಲ್ಲಿ ಇಂದೋರ್ ನರ್ಮದೆಯ ನೀರೆತ್ತುವ ಪಂಪಿನ ಕರೆಂಟ್ ಖರ್ಚು ಇಳಿಸ್ಲಿಕ್ಕೆ ಅಂತ ಸೋಲಾರ್ ಪ್ಲಾಂಟಿಗೆ 244 ಕೋಟಿ ಎತ್ತಿತು, ಅದು ಸಾಮಾನ್ಯ ಜನರೂ ತಗೊಳ್ಳುವ ಬಾಂಡ್.

ನನಗೆ ಜಾಸ್ತಿ ಹಿಡಿಸಿದ್ದು ಗಾಜಿಯಾಬಾದ್. 2021ರಲ್ಲಿ 150 ಕೋಟಿ. ಕೊಳಚೆ ನೀರನ್ನು ಮತ್ತೊಂದು ಹಂತ ಶುದ್ಧ ಮಾಡಿ ಫ್ಯಾಕ್ಟರಿಗಳಿಗೆ ಮಾರುವುದು, ಆ ದುಡ್ಡಲ್ಲಿ ಬಡ್ಡಿ ಕಟ್ಟುವುದು. ಯಾಕಂದ್ರೆ ಇದರ ಕಷ್ಟ ಇರೋದೇ ಇಲ್ಲಿ, ಕ್ಲೀನ್ ಆದ ತೋಡಿಗೆ ಯಾರೂ ಬಿಲ್ ಕಟ್ಟುವುದಿಲ್ಲ, ಮತ್ತೆ ಬಡ್ಡಿ ಎಲ್ಲಿಂದ? ಮಂಗಳೂರಲ್ಲಿ ಕಾವೂರಿನ ಕೊಳಚೆ ಶುದ್ಧ ಮಾಡುವ ಘಟಕದ ನೀರು ಎಂಎಸ್‌ಇಝಡ್, ಅಂದ್ರೆ ವಿಶೇಷ ಆರ್ಥಿಕ ವಲಯದ ಫ್ಯಾಕ್ಟರಿಗಳಿಗೆ ಹೋಗ್ತದೆ, ಅಲ್ಲಿ ಗಿರಾಕಿ ಉಂಟು. ಉಡುಪಿಯಲ್ಲಿ ಅಷ್ಟು ನೀರು ಕುಡಿಯುವ ದೊಡ್ಡ ಫ್ಯಾಕ್ಟರಿ ನಗರದ ಹತ್ತಿರ ಎಲ್ಲುಂಟು, ಹಾಗಾಗಿ ಮನೆ ತೆರಿಗೆ, ನೀರಿನ ಬಿಲ್ ಇದರಿಂದಲೇ ಕಟ್ಟಬೇಕು. ಅಂದ್ರೆ ನಾವೇ. ಇದನ್ನು ಮುಚ್ಚಿಟ್ಟು ಬಾಂಡ್ ಮಾತಾಡುವುದು ಮೋಸ.

ಚಿಕ್ಕ ಊರು ಒಂದೇ ಆಗಿ ಹೋದ್ರೆ ಮಾರ್ಕೆಟಲ್ಲಿ ಯಾರೂ ಮೂಸುವುದಿಲ್ಲ, ಅದೂ ನಿಜ. ಆದ್ರೆ 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಊರು, ಯಲಹಂಕ, ಕೆಂಗೇರಿ, ಬೊಮ್ಮನಹಳ್ಳಿ ಇತ್ಯಾದಿ, ಒಟ್ಟಾಗಿ ನೀರಿಗೆ 100 ಕೋಟಿ ಎತ್ತಿದ್ವು, ಆಗ ಅವೆಲ್ಲ ಬೇರೆ ಬೇರೆ ನಗರಸಭೆ, ಪುರಸಭೆಗಳು. ಉಡುಪಿ, ಕುಂದಾಪುರ, ಕಾರ್ಕಳ, ಕಾಪು ಸೇರಿದ್ರೆ ಆಗುವುದಿಲ್ವಾ? ರಾಜಕೀಯದವರು ಸೇರ್ತಾರಾ ಅದು ಬೇರೆ ಪ್ರಶ್ನೆ.

ಮತ್ತೆ ನಾವು ದುಡ್ಡಿನ ವಿಷಯದಲ್ಲಿ ದಡ್ಡರಲ್ಲ ಮಾರಾಯ್ರೆ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ. 1928ರಿಂದ ಸಿಂಡಿಕೇಟಿನ ಪಿಗ್ಮಿ, ಅಂದ್ರೆ ದಿನದ ಸಣ್ಣ ಉಳಿತಾಯದ ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗ್ತಿದ್ದ, ಹಾಗೆ ಕೂಡಿದ ದುಡ್ಡು. ಇಂಥ ಊರಲ್ಲಿ ನಮ್ಮ ತೋಡಿಗೆ ನಮ್ಮದೇ ಬಾಂಡ್ ಅಂದ್ರೆ ತಗೊಳ್ಳುವವರು ಇಲ್ಲದೆ ಇರ್ತಾರಾ. ಬಾಂಡಿಂದ ನನಗೆ ಆಸೆ ಇರುವುದು ದುಡ್ಡಿಗಿಂತ ಲೆಕ್ಕದ್ದು. ಷೇರು ಮಾರ್ಕೆಟನ್ನು ನೋಡಿಕೊಳ್ಳುವ ಸೆಬಿಯ 2015ರ ನಿಯಮ ಬಂದ ಮೇಲೆ ಪಬ್ಲಿಕಿಗೆ ಬಾಂಡ್ ಮಾರ್ಬೇಕಾದ್ರೆ ರೇಟಿಂಗ್, ಅಂದ್ರೆ ಸಾಲ ತೀರಿಸುವ ತಾಕತ್ತಿಗೆ ಅಂಕ, ಬೇಕು, ಆಡಿಟ್ ಆದ ಲೆಕ್ಕ ಹೊರಗೆ ಇಡ್ಬೇಕು. ಬಿಲ್ ಎಷ್ಟು ಬಾಕಿ, ಯಾರದ್ದು ಬಾಕಿ, ದೊಡ್ಡವರದ್ದು ಎಷ್ಟು ಅಂತ ಹಾಗಾದ್ರೂ ಹೊರಗೆ ಬರ್ಲಿ.

ಚಿಕ್ಕಮ್ಮ ಕೇಳಿದ್ರು, ನೀನು ಹಾಕ್ತಿಯಾ ದುಡ್ಡು? ಹಾಕ್ತೇನೆ, ಒಂದು ಕಂಡೀಷನ್: ಮಳೆಗಾಲಕ್ಕೆ ಮೊದಲು ಒಂದು ಸಲ, ನಂತರ ಒಂದು ಸಲ ತೋಡಿನ ಬದಿಯ ಬಾವಿಗಳ ನೀರು ಟೆಸ್ಟ್ ಮಾಡಿ ರಿಪೋರ್ಟನ್ನು ವಾರ್ಡಿನಲ್ಲಿ ಅಂಟಿಸ್ಬೇಕು, ಪ್ರತಿ ವರ್ಷ, ಬಾಂಡ್ ತೀರುವ ತನಕ. ಅದಿಲ್ಲದಿದ್ರೆ ನನ್ನ ದುಡ್ಡು ಎಫ್‌ಡಿಯಲ್ಲೇ ಇರ್ಲಿ.